ಕಾರವಾರದಲ್ಲಿ ‘ನಿರಾಶ್ರಿತ’ ಎಂದರೆ ಬೇರೆಯೇ ಜನ: ವಲಸೆ ಸರ್ವೆಗೆ ಹೊರಟವರಿಗೆ

ಕಾರವಾರ, ಅಂಕೋಲಾ ಕಡೆ ಪ್ರಶ್ನಾವಳಿ ಹಿಡಿದುಕೊಂಡು ಹೋಗಿ ‘ಈ ಕಡೆ ನಿರಾಶ್ರಿತರು ಇದ್ದಾರಾ?’ ಎಂದು ಕೇಳಿದರೆ ಹೌದು ಎನ್ನುತ್ತಾರೆ. ತೋಡೂರಿನ ಕಾಲೋನಿಗೆ ದಾರಿಯನ್ನೂ ಹೇಳುತ್ತಾರೆ. ಅಲ್ಲಿ ಇರುವವರು ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಇದೇ ಸೀಮೆಯ ಜನ. 1986ರಲ್ಲಿ ಯೋಜನೆಗೆ ಅಡಿಗಲ್ಲು ಬಿದ್ದಾಗಿನಿಂದ ಇಲ್ಲಿಯವರ ಬಾಯಲ್ಲಿ ‘ನಿರಾಶ್ರಿತ’ ಎಂದರೆ ಅವರೇ. ಅದೇ ಪ್ರಶ್ನೆಯನ್ನು ಘಟ್ಟ ಹತ್ತಿ ಮುಂಡಗೋಡದಲ್ಲಿ ಕೇಳಿದರೆ ಬೆರಳು ಟಿಬೇಟಿಯನ್ ಕಾಲೋನಿಯ ಕಡೆ ಹೋಗುತ್ತದೆ. ಒಂದೇ ಜಿಲ್ಲೆ, ಒಂದೇ ಶಬ್ದ, ಎರಡು ಜನ. ಈ ಎರಡು ಉತ್ತರಗಳನ್ನು ಒಂದೇ ಕಾಲಂಗೆ ತುಂಬಿದ ದತ್ತಾಂಶವನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿ ಮಾಡಲಾರದು.

ಆದ್ದರಿಂದ ಉತ್ತರ ಕನ್ನಡದಲ್ಲಿ ವಲಸೆ ಕುರಿತ ಕ್ಷೇತ್ರಕಾರ್ಯಕ್ಕೆ ಇಳಿಯುವ ಮೊದಲು ಶಬ್ದಗಳ ಪಟ್ಟಿ ಮಾಡಿಕೊಳ್ಳಬೇಕು. ‘ನಿರಾಶ್ರಿತ’, ‘ವಲಸಿಗ’ ಎಂಬ ಎರಡು ಪದಗಳನ್ನು ಪ್ರಶ್ನೆಯೊಳಗೆ ತರಲೇಬೇಡಿ. ಬದಲಿಗೆ ಹುಟ್ಟಿದ ಊರು ಯಾವುದು, ಇದಕ್ಕೆ ಮುಂಚೆ ಆರು ತಿಂಗಳಿಗಿಂತ ಹೆಚ್ಚು ಇದ್ದ ಊರು ಯಾವುದು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂಬ ಮೂರು ಪ್ರಶ್ನೆ ಸಾಕು. ವಿಂಗಡಣೆ ಕಚೇರಿಯಲ್ಲಿ ಕೂತು ಮಾಡುವ ಕೆಲಸ, ಮನೆಯವರ ಮೇಲೆ ಹೊರಿಸುವಂಥದ್ದಲ್ಲ. ಜನಗಣತಿ ಹುಟ್ಟೂರನ್ನೂ ಹಿಂದಿನ ವಾಸಸ್ಥಳವನ್ನೂ ಬೇರೆಬೇರೆಯಾಗಿ ಕೇಳುತ್ತದೆ, ಎರಡರ ಲೆಕ್ಕವೂ ಒಂದೇ ಬರುವುದಿಲ್ಲ. ಕುಮಟೆಯಿಂದ ಮದುವೆಯಾಗಿ ಶಿರಸಿಗೆ ಬಂದ ಸೊಸೆಯೂ ಆ ಲೆಕ್ಕದಲ್ಲಿ ವಲಸೆ ಬಂದವಳೇ. 2011ರ ಜನಗಣತಿಯ 45 ಕೋಟಿಗೂ ಮಿಕ್ಕಿದ ಆಂತರಿಕ ವಲಸಿಗರಲ್ಲಿ ಬಹುದೊಡ್ಡ ಪಾಲು ಇಂಥ ಹೆಣ್ಣುಮಕ್ಕಳದ್ದು. ದುಡಿಮೆಯ ವಲಸೆ ಬಗ್ಗೆ ಬರೆಯುವಾಗ ಆ ಸಂಖ್ಯೆಯನ್ನು ಹಾಗೇ ಎತ್ತಿ ಹಾಕುವ ಪ್ರಬಂಧಗಳು ಈಗಲೂ ಬರುತ್ತಿವೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅವರ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳು ಕಳೆದಿವೆ, 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದರು. ಮನೆ ಬಾಗಿಲಲ್ಲಿ ನಿಂತು ‘ನೀವು ಎಲ್ಲಿಂದ ಬಂದವರು?’ ಎಂದು ಶುರು ಮಾಡಿದ ಸಂದರ್ಶನ ಅಲ್ಲಿಗೇ ಮುಗಿಯಿತು ಎಂದುಕೊಳ್ಳಿ.

ಬೆರೆತಿದ್ದಾರೆ ಎಂದರೆ ಯಾರ ಜೊತೆ?

ಹೊಂದಾಣಿಕೆಯನ್ನು ಅಳೆಯುವ ಸಿದ್ಧ ಮಾದರಿಗಳು ಬೇಕಾದಷ್ಟಿವೆ. ಸಂಶೋಧಕರಾದ ಏಗರ್ ಮತ್ತು ಸ್ಟ್ರಾಂಗ್ 2008ರಲ್ಲಿ ಕೊಟ್ಟ ಚೌಕಟ್ಟಿನಲ್ಲಿ ಹತ್ತು ಅಂಶ: ಉದ್ಯೋಗ, ವಸತಿ, ಶಿಕ್ಷಣ, ಆರೋಗ್ಯ, ತಮ್ಮವರೊಡನೆ, ಹೊರಗಿನವರೊಡನೆ, ಸರ್ಕಾರಿ ವ್ಯವಸ್ಥೆಯೊಡನೆ ಇರುವ ಮೂರು ಬಗೆಯ ನಂಟು, ಭಾಷೆ ಮತ್ತು ಸಂಸ್ಕೃತಿಯ ತಿಳಿವಳಿಕೆ, ಸುರಕ್ಷತೆ ಮತ್ತು ನೆಲೆ, ಎಲ್ಲಕ್ಕೂ ತಳಪಾಯವಾಗಿ ಹಕ್ಕು ಮತ್ತು ಪೌರತ್ವ. ಇಮಿಗ್ರೇಶನ್ ಪಾಲಿಸಿ ಲ್ಯಾಬ್‌ನ ಸೂಚ್ಯಂಕದಲ್ಲಿ ಆರು ಆಯಾಮ, 12 ಅಥವಾ 24 ಪ್ರಶ್ನೆ. ಒಳ್ಳೆಯ ಸಲಕರಣೆಗಳೇ. ಆದರೆ ಇವು ಹುಟ್ಟಿದ್ದು ನಿರಾಶ್ರಿತರಿಗೆ ಕಾನೂನು ಇರುವ, ಒಂದು ಊರಿಗೆ ಹೆಚ್ಚುಕಡಿಮೆ ಒಂದೇ ಭಾಷೆ ಇರುವ ದೇಶಗಳ ಅನುಭವದಿಂದ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೂ ಸಹಿ ಹಾಕಿಲ್ಲ, ಅದರ 1967ರ ಪೂರಕ ಒಪ್ಪಂದಕ್ಕೂ (ಪ್ರೋಟೋಕಾಲ್) ಹಾಕಿಲ್ಲ. ಮುಂಡಗೋಡದ ಟಿಬೇಟಿಯನ್ ವ್ಯಕ್ತಿ ಕಾಗದದ ಮೇಲೆ ನೋಂದಣಿ ಪ್ರಮಾಣಪತ್ರ, ಅಂದರೆ ಆರ್‌ಸಿ, ಹೊಂದಿದ ವಿದೇಶಿ.

ಪೌರತ್ವದ ಪ್ರಶ್ನೆ ಎಡವುವುದು ಇಲ್ಲಿಯೇ. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಇದು ಟಿಬೇಟಿಯನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿವೆ. ಹಾಗಿದ್ದೂ ಅರ್ಹರಲ್ಲಿ ಅನೇಕರು ಅರ್ಜಿ ಹಾಕುವುದಿಲ್ಲ. ತಾಯ್ನಾಡಿಗೆ ಮರಳುವ ಹಕ್ಕೊತ್ತಾಯ ಸಡಿಲವಾಗುತ್ತದೆ ಎಂಬ ಭಾವನೆ ಒಂದು ಕಾರಣ, ಕಾಲೋನಿಯ ಸೌಲಭ್ಯದ ಲೆಕ್ಕಾಚಾರ ಇನ್ನೊಂದು. ಯುರೋಪಿನ ಅಳತೆಗೋಲಿನಲ್ಲಿ ಇವರು ‘ಬೆರೆಯದವರು’. ಅದೇ ಮನುಷ್ಯ ಸಂತೆಯಲ್ಲಿ ಹುಬ್ಬಳ್ಳಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಿರುತ್ತಾನೆ, ಅವನ ಜಮೀನನ್ನು ಪಕ್ಕದ ಹಳ್ಳಿಯ ರೈತ ಲಾವಣಿಗೆ (ಗೇಣಿಗೆ) ಮಾಡುತ್ತಿರುತ್ತಾನೆ. ಪೌರತ್ವದ ಪ್ರಶ್ನೆ ಕೇಳಲೇಬೇಕಿದ್ದರೆ ಅರ್ಹತೆ, ಅರ್ಜಿ, ಇಷ್ಟ ಈ ಮೂರನ್ನೂ ಬಿಡಿಬಿಡಿಯಾಗಿ ಕೇಳಿ, ಮೊತ್ತದ ಅಂಕಕ್ಕೆ ಸೇರಿಸಬೇಡಿ.

ವ್ಯವಸ್ಥೆಯೊಡನೆ ವ್ಯವಹರಿಸುವ ಸಾಮರ್ಥ್ಯದ ಪ್ರಶ್ನೆಗೂ ಇದೇ ಗತಿ. ‘ತಹಶೀಲ್ದಾರ ಕಚೇರಿಯ ಕೆಲಸ ನಿಮಗೆ ಎಷ್ಟು ಸುಲಭ?’ ಎಂದರೆ ಟಿಬೇಟಿಯನ್ ಕಾಲೋನಿಯ ಕ್ಯಾಂಪುಗಳಲ್ಲಿ ಇರುವ ಹೆಚ್ಚಿನವರು ‘ಕಷ್ಟ’ ಎಂದಾರು, ಏಕೆಂದರೆ ಆ ಕೆಲಸ ಕಾಲೋನಿಯ ಆಡಳಿತ ನೋಡುವ ಸೆಟ್ಲ್‌ಮೆಂಟ್ ಆಫೀಸಿನ ಮೂಲಕ ಆಗುತ್ತದೆ. ಅದು ಅಸಾಮರ್ಥ್ಯವಲ್ಲ, ನಡುವೆ ಒಂದು ಸಂಸ್ಥೆ ಇದೆ ಅಷ್ಟೆ. ‘ಕಳೆದ ವರ್ಷ ಇಂಥ ಕೆಲಸ ಬಿತ್ತೇ? ಯಾರು ಮಾಡಿಸಿಕೊಟ್ಟರು? ಎಷ್ಟು ದಿನ ಹಿಡಿಯಿತು?’ ಎಂದು ಕೇಳಿದರೆ ನಿಜವಾದ ದಾರಿ ಸಿಗುತ್ತದೆ.

ಭಾಷೆಯ ವಿಷಯ ಇನ್ನೂ ಗೋಜಲು. ಕಾರವಾರದ ಬೈತಖೋಲ ಬಂದರಿನಲ್ಲಿ ಒಡಿಶಾದಿಂದಲೋ ಜಾರ್ಖಂಡ್‌ನಿಂದಲೋ ಬಂದ ಕಲಾಸಿ (ಬೋಟಿನ ಕೆಲಸಗಾರ) ಮೊದಲು ಕಲಿಯುವುದು ಹಿಂದಿ ಬೆರೆತ ಕೊಂಕಣಿ, ಕನ್ನಡ ಆಮೇಲೆ. ‘ಕನ್ನಡ ಬರುತ್ತದೆಯೇ?’ ಎಂಬ ಒಂದೇ ಪ್ರಶ್ನೆಗೆ ಅವನು ‘ಇಲ್ಲ’ ಎಂದರೆ, ಸುತ್ತಲಿನವರೊಡನೆ ದಿನವಿಡೀ ಮಾತಾಡಿಕೊಂಡಿರುವವನು ನಿಮ್ಮ ಕೋಷ್ಟಕದಲ್ಲಿ ಮೂಕನಾಗುತ್ತಾನೆ. ಹೌದು‑ಇಲ್ಲ ಬಿಟ್ಟು ಕೆಲಸಗಳನ್ನು ಕೇಳಿ: ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ, ಬೋಟು ನಡೆಸುವ ತಾಂಡೇಲನ ಜೊತೆ ಪಾಲಿನ ಲೆಕ್ಕ ಮಾಡುವಾಗ, ಡಾಕ್ಟರಿಗೆ ನೋವು ವಿವರಿಸುವಾಗ, ಬ್ಯಾಂಕಿನ ಫಾರಂ ತುಂಬುವಾಗ ಯಾವ ಭಾಷೆ, ಯಾರ ನೆರವು? ನಾಲ್ಕು ಸಾಲಿನ ಈ ಚಿಕ್ಕ ಕೋಷ್ಟಕ ‘ಎಷ್ಟು ಚೆನ್ನಾಗಿ ಬರುತ್ತದೆ’ ಎಂಬ ಐದು ಮೆಟ್ಟಿಲಿನ ಪ್ರಶ್ನೆಗಿಂತ ಎಷ್ಟೋ ಹೆಚ್ಚು ಹೇಳುತ್ತದೆ.

ಮೆಟ್ಟಿಲಿನ ಮಾತು ಬಂದಿದ್ದಕ್ಕೆ ಇನ್ನೊಂದು. ನಮ್ಮ ಕಡೆ ಯಾವ ಪ್ರಶ್ನೆಗಾದರೂ ‘ಅಡ್ಡಿಲ್ಲ’ ಎಂಬ ಉತ್ತರ ತಯಾರಿರುತ್ತದೆ. ‘ಊರವರು ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ?’ ‘ಅಡ್ಡಿಲ್ಲ.’ ಇದು ‘ಚೆನ್ನಾಗಿ’ಯೋ, ‘ಸಾಧಾರಣ’ವೋ, ‘ಹೇಳುವುದು ಬೇಡ ಬಿಡಿ’ಯೋ? ಒಬ್ಬ ಗಣತಿದಾರ ಅದನ್ನು 4 ಎಂದು, ಇನ್ನೊಬ್ಬಳು 3 ಎಂದು ಬರೆದರೆ ನಿಮಗೆ ಸಿಗುವುದು ಗಣತಿದಾರರ ನಡುವಿನ ವ್ಯತ್ಯಾಸ. ಎಣಿಸಬಹುದಾದ ಪ್ರಶ್ನೆಗೆ ಬದಲಿಸಿ: ಕಳೆದ 30 ದಿನದಲ್ಲಿ ಕ್ಯಾಂಪಿನ ಹೊರಗಿನವರ ಮನೆಯೊಳಗೆ ಎಷ್ಟು ಸಲ ಹೋಗಿದ್ದಿರಿ, ಅವರು ಎಷ್ಟು ಸಲ ಬಂದರು, ಕೈಸಾಲ ಯಾರಿಂದ ತಂದಿರಿ. ಪ್ರಶ್ನಾವಳಿಯನ್ನು ಭಾಷಾಂತರಿಸಿ, ಮೂಲ ನೋಡದ ಇನ್ನೊಬ್ಬರಿಂದ ಹಿಂದಕ್ಕೆ ಭಾಷಾಂತರ ಮಾಡಿಸಿ. ಆಮೇಲೆ ಪ್ರತಿ ಭಾಷೆಗೂ 8ರಿಂದ 10 ಮಂದಿಯ ಹತ್ತಿರ ‘ಈ ಪ್ರಶ್ನೆ ನಿಮಗೆ ಏನು ಕೇಳಿದ ಹಾಗಾಯಿತು?’ ಎಂದು ವಿಚಾರಿಸಿ. ಈ ಕೊನೆಯ ಹಂತ ಬಿಟ್ಟವರೇ ಹೆಚ್ಚು, ಕೆಡುವುದೂ ಇಲ್ಲಿಯೇ.

ಯಾವ ತಿಂಗಳು?

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಹೊರರಾಜ್ಯದ ಕಲಾಸಿಗಳು ಊರಿಗೆ ಹೋಗಿರುತ್ತಾರೆ. ಕಾಲೇಜು ರಜೆ ನೋಡಿಕೊಂಡು ಜೂನ್‌ನಲ್ಲಿ ಬಂದರಿಗೆ ಹೋದ ತಂಡಕ್ಕೆ ಸಿಗುವುದು ಬಲೆ ಹೆಣೆಯುವ ಸ್ಥಳೀಯರು ಮತ್ತು ಊರಿಗೆ ಹೋಗಲಾಗದ ಕೆಲವರು. ಆ ಕೆಲವರು ಎಲ್ಲರ ಪ್ರತಿನಿಧಿಗಳಲ್ಲ, ಹೋಗಲಾಗದ್ದಕ್ಕೆ ಕಾರಣವೇ ಬೇರೆ ಇರುತ್ತದೆ, ಬಹಳ ಸಲ ಮುಂಗಡದ ಸಾಲ.

ಮುಂಡಗೋಡದ ಕ್ಯಾಲೆಂಡರ್ ಉಲ್ಟಾ. ಅಕ್ಟೋಬರಿನಿಂದ ಜನವರಿ ತನಕ ಸ್ವೆಟರ್ ವ್ಯಾಪಾರಕ್ಕೆ ದುಡಿಯುವ ವಯಸ್ಸಿನವರು ದೂರದ ಪೇಟೆಗಳಿಗೆ ಹೋಗಿರುತ್ತಾರೆ. ಡಿಸೆಂಬರಿನಲ್ಲಿ ಮನೆ ಸರ್ವೆ ಮಾಡಿದರೆ ಅಜ್ಜ ಅಜ್ಜಿ ಮತ್ತು ಮಕ್ಕಳ ಕಾಲೋನಿ ಕಾಣುತ್ತದೆ, ‘ನಿರುದ್ಯೋಗ’ ಏಕಾಏಕಿ ಹೆಚ್ಚುತ್ತದೆ. ಲೋಸರ್ ಹೊಸವರ್ಷ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಅದು ಮುಗಿದು ಒಂದು ವಾರದ ಮೇಲೆ ಶುರು ಮಾಡಿ ಮಳೆಗಾಲಕ್ಕೆ ಮೊದಲು ಮುಗಿಸುವುದು ವಾಸಿ. ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಅಡಿಕೆಯ ಕೊನೆಕೊಯ್ಲು, ಸುಲಿತಕ್ಕೆ ಬರುವವರನ್ನು ಹಿಡಿಯಬೇಕಾದರೆ ಚಳಿಗಾಲದಲ್ಲೇ ಹೋಗಬೇಕು. ಅವರು ಎರಡು ಮೂರು ತಿಂಗಳಿಗೆ ಬರುವವರು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2007–08ರ ಸುತ್ತು ಒಂದು ತಿಂಗಳಿಂದ ಆರು ತಿಂಗಳೊಳಗೆ ದುಡಿಮೆಗೆ ಹೊರಗಿದ್ದವರನ್ನು ಅಲ್ಪಾವಧಿ ವಲಸಿಗರೆಂದು ಅವರ ಸ್ವಂತ ಊರಿನಲ್ಲೇ ಎಣಿಸಿತ್ತು. ಶಿರಸಿಯ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಮೂರೂ ಗುಂಪನ್ನು ಒಂದೇ ತಿಂಗಳಲ್ಲಿ ಮುಗಿಸುವ ಯೋಜನೆ ಯಾರಾದರೂ ತೋರಿಸಿದರೆ ಅನುದಾನದ ಅವಸರ ಎಂದೇ ತಿಳಿಯಬೇಕು.

ಎಷ್ಟು ಮಂದಿ, ಯಾರು?

ಟಿಬೇಟಿಯನ್ ಕಾಲೋನಿಯಲ್ಲಿ ನಿವಾಸಿಗಳ ಪಟ್ಟಿ ಸಿಗುತ್ತದೆ, ಸೆಟ್ಲ್‌ಮೆಂಟ್ ಆಫೀಸಿನ ಅನುಮತಿ ಬೇಕು. ಆದರೆ ಪಟ್ಟಿಯಲ್ಲಿ ಹೆಸರಿದ್ದು ಬೆಂಗಳೂರಿಗೋ ಕೆನಡಾಕ್ಕೋ ಹೋದವರೂ ಇರುತ್ತಾರೆ. ಮೊದಲು ಕ್ಯಾಂಪ್‌ವಾರು ಸುತ್ತಿ ‘ಕಳೆದ ಆರು ತಿಂಗಳಲ್ಲಿ ಹೆಚ್ಚು ದಿನ ಇಲ್ಲೇ ಇದ್ದವರು’ ಎಂಬ ಗುರುತು ಹಾಕಿ. ಹೋದವರನ್ನು ಅಳಿಸಬೇಡಿ, ಬೇರೆ ಕಾಲಂನಲ್ಲಿ ಬರೆಯಿರಿ. ಚೆನ್ನಾಗಿ ಓದಿ, ಭಾಷೆ ಕಲಿತು, ಹೊರಗೆ ದಾರಿ ಕಂಡುಕೊಂಡವರೇ ಹೆಚ್ಚು ಹೊರಟಿರುತ್ತಾರಾದ್ದರಿಂದ ಉಳಿದವರನ್ನಷ್ಟೇ ಅಳೆದರೆ ಐವತ್ತಕ್ಕೂ ಹೆಚ್ಚು ವರ್ಷಗಳ ಹೊಂದಾಣಿಕೆ ಕಡಿಮೆಯಾಗಿ ಕಾಣುತ್ತದೆ.

ಮಾದರಿಯ ಗಾತ್ರದ ಲೆಕ್ಕ ಸರಳ. ಶೇ. 95 ವಿಶ್ವಾಸ, ±5 ಅಂಶದ ದೋಷಕ್ಕೆ 384. ಕ್ಯಾಂಪ್‌ಗಳನ್ನು ಗುಚ್ಛವಾಗಿ ಆರಿಸುವುದರಿಂದ 1.5ರಿಂದ ಗುಣಿಸಿದರೆ 576. ಶೇ. 10 ಮಂದಿ ಸಿಗದೆ ಹೋಗಬಹುದೆಂದು 0.9ರಿಂದ ಭಾಗಿಸಿದರೆ 640. ಇಷ್ಟೇ ಮಂದಿಯನ್ನು ಪಕ್ಕದ ಹಳ್ಳಿಗಳಲ್ಲೂ ಸಂದರ್ಶಿಸಲು ಹಣ ಇಲ್ಲವೆಂದರೆ ಎರಡೂ ಕಡೆ ಕಡಿಮೆ ಮಾಡಿ, ಒಂದು ಕಡೆ ಪೂರ್ತಿ ಬಿಡಬೇಡಿ. ಹೋಲಿಕೆಗೆ ಇಡೀ ಕರ್ನಾಟಕದ ಸರಾಸರಿ ತರುವುದು ಸುಲಭ, ಉಪಯೋಗ ಸೊನ್ನೆ. ಅಷ್ಟೇ ಹಿಡುವಳಿಯ, ಅದೇ ತಾಲ್ಲೂಕಿನ ಕುಟುಂಬ ಬೇಕು. ಬಂದರಿನಲ್ಲಾದರೆ ಅದೇ ಬೋಟಿನ ಸ್ಥಳೀಯ ಕಲಾಸಿ.

ಡ್ರೆಪುಂಗ್, ಗಾಡೆನ್ ಮಠಗಳನ್ನು ಮನೆ ಸರ್ವೆಯೊಳಗೆ ಬೆರೆಸಬೇಡಿ, ಅವು ಸಾಂಸ್ಥಿಕ ವಾಸ. ಕೆಂಪು ವಸ್ತ್ರದವರೆಲ್ಲ ಟಿಬೇಟಿಯನ್ನರೂ ಅಲ್ಲ. ಲಡಾಖ್, ಅರುಣಾಚಲದ ಭಾರತೀಯರಿದ್ದಾರೆ, ನೇಪಾಳ, ಮಂಗೋಲಿಯಾದವರಿದ್ದಾರೆ. ಮಠಾಧಿಪತಿ ಒಪ್ಪಿದರೆ ಬಾಗಿಲು ತೆರೆಯಿತು ಎಂದಷ್ಟೇ ಅರ್ಥ, ಪ್ರತಿ ಸನ್ಯಾಸಿಯ ಒಪ್ಪಿಗೆ ಬೇರೆಯೇ ಕೇಳಬೇಕು. ತಂಡದಲ್ಲಿ ವಿದೇಶಿ ಪಾಸ್‌ಪೋರ್ಟಿನ ಸಹಸಂಶೋಧಕರಿದ್ದರೆ ಕಾಲೋನಿ ಪ್ರವೇಶಕ್ಕೆ ಸಂರಕ್ಷಿತ ಪ್ರದೇಶದ ಪರವಾನಗಿ, ಪಿಎಪಿ, ಮೊದಲೇ ಬೇಕು. ಅರ್ಜಿ ತಿಂಗಳುಗಟ್ಟಲೆ ಹಿಡಿಯಬಹುದು.

ಬಂದರಿನಲ್ಲಿ ಪಟ್ಟಿಯೇ ಇಲ್ಲ. ಪರಿಚಯದ ಸರಪಳಿಯ ಮಾದರಿ ಬಳಸುವುದಾದರೆ 5ರಿಂದ 8 ಮಂದಿಯಿಂದ ಶುರು ಮಾಡಿ, ರಾಜ್ಯ ಬೇರೆ, ಭಾಷೆ ಬೇರೆ, ಬೋಟಿನ ಬಗೆ ಬೇರೆ ಇರಲಿ. ಒಬ್ಬ ಮಾಲೀಕ ತೋರಿಸಿದವರೇ ಎಲ್ಲರೂ ಆದರೆ ಸರಪಳಿ ಅವನ ಅಂಗಳದಲ್ಲೇ ಸುತ್ತುತ್ತದೆ. ಪರಿಚಯದವರನ್ನು ಕರೆತರಲು ಪ್ರತಿಯೊಬ್ಬರಿಗೂ ಮೂರೇ ಕೂಪನ್. ಬಳಗದ ಗಾತ್ರದ ಪ್ರಶ್ನೆಯನ್ನು ಬಿಗಿಯಾಗಿ ಬರೆಯಿರಿ: ‘ಈ ಬಂದರಿನ ಬೋಟುಗಳಲ್ಲಿ ದುಡಿಯುವ, ಹೊರರಾಜ್ಯದ, 18 ದಾಟಿದ, ನಿಮಗೆ ಅವರ ಹೆಸರು ಅವರಿಗೆ ನಿಮ್ಮ ಹೆಸರು ಗೊತ್ತಿರುವ, ಕಳೆದ 30 ದಿನದಲ್ಲಿ ಮಾತಾಡಿಸಿದವರು ಎಷ್ಟು?’ ಯಾರ ಉತ್ತರಕ್ಕೆ ಎಷ್ಟು ತೂಕ ಎಂಬ ಲೆಕ್ಕ ಇದೇ ಸಂಖ್ಯೆಯ ಮೇಲೆ ನಿಂತಿದೆ. ‘ಒಂದು ನೂರು’ ಎಂಬ ದುಂಡು ಉತ್ತರ ಬಂದರೆ ರಾಜ್ಯವಾರು ಬಿಡಿಸಿ ಮತ್ತೆ ಕೇಳಿ. ಆದಾಯವನ್ನು ತಿಂಗಳ ಸಂಬಳವೆಂದು ಕೇಳಬೇಡಿ. ಪಾಲು, ಮುಂಗಡ, ಊಟ ಎಂದು ಬಿಡಿಸಿ, ಕೊನೆಯ ಒಂದು ಟ್ರಿಪ್ಪಿನ ಲೆಕ್ಕ ತೆಗೆದುಕೊಳ್ಳಿ. ತಾಂಡೇಲ ಪಕ್ಕದಲ್ಲಿ ನಿಂತಿದ್ದರೆ ಅಂದಿನ ಸಂದರ್ಶನ ಬಿಡಿ, ಅವನ ಎದುರು ಎಲ್ಲವೂ ‘ಅಡ್ಡಿಲ್ಲ’.

ಕಾಗದ, ಫೋನು

ಆರ್‌ಸಿ ಸಂಖ್ಯೆ, ಆಧಾರ್ ಸಂಖ್ಯೆ ಬರೆದುಕೊಳ್ಳಬೇಡಿ. ‘ಆರ್‌ಸಿ ನವೀಕರಣ ಆಗಿದೆಯೇ?’ ಎಂಬ ಪ್ರಶ್ನೆಯೇ ಬೇಡ. ಉತ್ತರ ‘ಇಲ್ಲ’ ಆಗಿದ್ದರೆ ನಿಮ್ಮ ಕಡತ ಒಬ್ಬರ ವಿರುದ್ಧ ಸಾಕ್ಷಿಯಾಯಿತು. ಸಹಿಗೆ ಹೆದರುವವರ ಹತ್ತಿರ ಬಾಯಿಮಾತಿನ ಒಪ್ಪಿಗೆ ಪಡೆದು, ಸಾಕ್ಷಿಯ ಎದುರು ಗಣತಿದಾರರೇ ಗುರುತು ಹಾಕಲಿ, ಇದನ್ನು ನೈತಿಕ ಸಮಿತಿಯಿಂದ ಮುಂಚೆಯೇ ಒಪ್ಪಿಸಿಕೊಳ್ಳಿ. ಫೋನಿನಲ್ಲೇ ಪ್ರಶ್ನಾವಳಿ ತುಂಬುವ ಓಡಿಕೆ ಅಥವಾ ಕೋಬೋ ಆ್ಯಪ್ ಬಳಸುವಾಗ ಜಿಪಿಎಸ್ ತಾನಾಗಿ ದಾಖಲಾಗುವ ಆಯ್ಕೆ ಆಫ್ ಇದೆಯೇ ಎಂದು ಪ್ರತಿ ಫೋನಿನಲ್ಲೂ ನೋಡಿ. ಟಿಬೇಟಿಯನ್ ಗಣತಿದಾರರನ್ನು ಅವರದೇ ಕ್ಯಾಂಪಿಗೆ ಕಳಿಸಬೇಡಿ, ನೆರೆಮನೆಯವರ ಸಾಲದ ಲೆಕ್ಕ ಯಾರೂ ನೆರೆಯವರಿಗೆ ಹೇಳುವುದಿಲ್ಲ.

ಪ್ರಕಟಣೆಗೆ ಮೊದಲು ಕೋಷ್ಟಕಗಳನ್ನು ಊರವರ ಕಣ್ಣಿನಿಂದ ಓದಿ. ‘ಕ್ಯಾಂಪ್ ಇಂತಿಷ್ಟು, 60 ದಾಟಿದ ಹೆಂಗಸು, ಹೋಟೆಲ್ ನಡೆಸುವವರು’ ಎಂದರೆ ಹೆಸರಿಲ್ಲದಿದ್ದರೂ ಮುಂಡಗೋಡದ ಆಟೋದವರಿಗೂ ಯಾರೆಂದು ಗೊತ್ತು. 10ಕ್ಕಿಂತ ಕಡಿಮೆ ಸಂಖ್ಯೆ ಇರುವ ಕೋಷ್ಟಕದ ಚೌಕಗಳನ್ನು ಪಕ್ಕದ ವರ್ಗಕ್ಕೆ ಸೇರಿಸಿ, ಕ್ಯಾಂಪಿನ ಸಂಖ್ಯೆ ತೆಗೆದುಹಾಕಿ. ಆಮೇಲೆ ಕನ್ನಡದಲ್ಲೊಂದು, ಟಿಬೇಟಿಯನ್‌ನಲ್ಲೊಂದು ಎರಡು ಪುಟದ ಸಾರಾಂಶ ಮಾಡಿ ಸೆಟ್ಲ್‌ಮೆಂಟ್ ಆಫೀಸಿಗೂ ಪಕ್ಕದ ಗ್ರಾಮ ಪಂಚಾಯಿತಿಗೂ ಒಂದೇ ದಿನ ಕೊಡಿ. ಒಬ್ಬರಿಗೆ ಮೊದಲು ಕೊಟ್ಟರೆ ಇನ್ನೊಬ್ಬರು ಮುಂದಿನ ಸಲ ಪಟ್ಟಿ ಕೊಡುವುದಿಲ್ಲ.