ಸಿಮ್ ಬೇಸ್‌ಬಾಲ್ ಲೀಗ್: ಬಳಕೆಯ ಮಿತಿ ಮತ್ತು ಸಂಬಳ, ಈವರೆಗಿನ ಕೆಲಸ

ಸಿಮ್ ಬೇಸ್‌ಬಾಲ್‌ನಲ್ಲಿ ನಿಜವಾದ ಆಟಗಾರನೊಬ್ಬನ ಒಂದು ಸೀಸನ್‌ನ ಅಂಕಿಅಂಶಗಳೇ ಒಂದು ಕಾರ್ಡ್; ತಂಡಗಳು ಸಂಬಳ ಕೊಟ್ಟು ಕಾರ್ಡ್ ಕೊಳ್ಳುತ್ತವೆ, ಸಿಮ್ಯುಲೇಟರ್ ಪಂದ್ಯ ಆಡಿಸುತ್ತದೆ. ಕಾರ್ಡ್ ಎಷ್ಟು ಆಡಬಹುದು ಎಂಬುದೇ ಬಳಕೆಯ ಮಿತಿ. ಬೇರೆ ಬೇರೆ ಸೀಸನ್‌ಗಳ ಆಟಗಾರರನ್ನು ಒಂದೇ ಲೀಗ್‌ನಲ್ಲಿ ಆಡಿಸುವಾಗ ಮೊದಲು ಕೈಕೊಡುವುದು ಸಣ್ಣ ಕಾರ್ಡ್‌ಗಳು, ಅಂದರೆ ಆ ಸೀಸನ್‌ನಲ್ಲಿ ಕಡಿಮೆ ಆಡಿದವರ ಕಾರ್ಡ್‌ಗಳು. 1957ರಲ್ಲಿ ಮಿಲ್ವಾಕೀ ಬ್ರೇವ್ಸ್‌ನ ಬಾಬ್ ಹೇಜಲ್ 134 ಅಟ್-ಬ್ಯಾಟ್‌ಗಳಲ್ಲಿ (ಮುಖ್ಯವಾಗಿ ಹಿಟ್ ಅಥವಾ ಔಟ್‌ನಲ್ಲಿ ಮುಗಿದ ಬ್ಯಾಟಿಂಗ್ ಸರದಿಗಳು) 54 ಹಿಟ್ ಹೊಡೆದರು, ಸರಾಸರಿ .403. ಮಿತಿ ಇಲ್ಲದಿದ್ದರೆ ಈ ಕಾರ್ಡ್ 162 ಪಂದ್ಯವನ್ನೂ ಆಡುತ್ತದೆ. ಮಾದರಿ ಚಿಕ್ಕದು ಎಂದು ಬೆಲೆ ಇಳಿಸುವುದು ತಪ್ಪು. ಸಿಮ್ಯುಲೇಟರ್ ಅದನ್ನು .403 ಎಂದೇ ಆಡಿಸುತ್ತದೆ, ಹಾಗಾಗಿ ಬೆಲೆಯೂ .403ರದ್ದೇ ಇರಬೇಕು. ತಡೆಯುವ ಕೆಲಸ ಮಿತಿಯದು.

ಮಿತಿಯನ್ನು ಅಟ್-ಬ್ಯಾಟ್ ಬದಲು ಪ್ಲೇಟ್ ಅಪಿಯರೆನ್ಸ್ (ಪಿಎ, ಅಂದರೆ ವಾಕ್ ಸೇರಿ ಬ್ಯಾಟಿಂಗ್‌ನ ಪ್ರತಿ ಸರದಿ) ಲೆಕ್ಕಕ್ಕೆ ತಂದಿದ್ದೇವೆ. 2004ರ ಬ್ಯಾರಿ ಬಾಂಡ್ಸ್ ನೋಡಿ: 617 ಪಿಎ, ಆದರೆ ಅಟ್-ಬ್ಯಾಟ್ 373 ಮಾತ್ರ, ವಾಕ್‌ಗಳೇ (ನಾಲ್ಕು ತಪ್ಪು ಎಸೆತಗಳಿಗೆ ಹೊಡೆಯದೆಯೇ ಸಿಗುವ ಮೊದಲ ಬೇಸ್) 232. ಹಳೆಯ ಲೆಕ್ಕದಲ್ಲಿ ಎದುರಾಳಿ ವಾಕ್ ಕೊಟ್ಟಷ್ಟೂ ಆ ಕಾರ್ಡ್‌ಗೆ ಪುಕ್ಕಟೆ ಪಂದ್ಯಗಳು ಸಿಗುತ್ತಿದ್ದವು. ಪಿಚರ್‌ಗಳಿಗೂ ಇನ್ನಿಂಗ್ಸ್ ಬಿಟ್ಟು ಎದುರಿಸಿದ ಬ್ಯಾಟರ್‌ಗಳನ್ನೇ ಎಣಿಸುತ್ತೇವೆ. 1981, 1994ರಂಥ ಮೊಟಕಾದ ಸೀಸನ್‌ಗಳಿಗೆ ತಂಡ ಆಡಿದ ಪಂದ್ಯಗಳಿಂದ ಹಿಗ್ಗಿಸಬೇಕು: 1994ರ ಟೋನಿ ಗ್ವಿನ್ 475 ಪಿಎ, ಅವರ ತಂಡ ಪ್ಯಾಡ್ರೇಸ್ ಆಡಿದ್ದು 117 ಪಂದ್ಯ, ಹಾಗಾಗಿ 162 ಪಂದ್ಯಕ್ಕೆ 658 ಪಿಎ.

ಸಂಬಳಕ್ಕೆ ಬೇಸ್‌ಬಾಲ್ ಅಂಕಿಅಂಶ ತಜ್ಞ ಪೀಟ್ ಪಾಮರ್ ಅವರ ರನ್ ತೂಕಗಳು (ಸರದಿಯ ಪ್ರತಿ ಫಲಿತಾಂಶ ಸರಾಸರಿ ಎಷ್ಟು ರನ್‌ಗೆ ಸಮ ಎಂಬ ಅಂಕಿಗಳು): ಸಿಂಗಲ್ .46, ಡಬಲ್ .80, ಟ್ರಿಪಲ್ 1.02, ಹೋಮ್ ರನ್ 1.40, ವಾಕ್ .33, ಔಟ್‌ಗೆ −.25. ಬಂದ ಮೊತ್ತಕ್ಕೆ ಪ್ರತಿ 600 ಪಿಎಗೆ 20 ರನ್ ಸೇರಿಸಿ, ಏಕೆಂದರೆ ಹೋಲಿಕೆ ಸರಾಸರಿ ಆಟಗಾರನೊಂದಿಗಲ್ಲ, ಬೆಂಚ್‌ನಲ್ಲಿ ಸಿಗುವವನೊಂದಿಗೆ. ರನ್ ಒಂದಕ್ಕೆ 0.25, ಜೊತೆಗೆ ತಲಾ 0.5 ಮೂಲ ಸಂಬಳ. ತಂಡದ ಒಟ್ಟು ಸಂಬಳದ ಮಿತಿ 100. ಬಾಂಡ್ಸ್ ಸುಮಾರು 39.5, ಹೇಜಲ್ ಸುಮಾರು 7.

ಹಾಗಾದರೆ ಹೇಜಲ್‌ನಂಥ ನಾಲ್ಕು ಕಾರ್ಡ್ ಕೊಂಡು 28ರಲ್ಲೇ 620 ಪಿಎ ತುಂಬಬಹುದಲ್ಲ? ತುಂಬಬಹುದು, ಆದರೆ 14 ಬ್ಯಾಟರ್‌ಗಳ ಜಾಗದಲ್ಲಿ ನಾಲ್ಕು ಹೋಗುತ್ತವೆ. ತಂಡಕ್ಕೆ ಒಟ್ಟು 6,500 ಪಿಎ ಕಡ್ಡಾಯ ಮಾಡಿದ್ದರಿಂದ ಉಳಿದ ಹತ್ತು ಮಂದಿ ತಲಾ 588 ಪಿಎ ಕೊಡಲೇಬೇಕು. ಅಂಥವರು ಅಗ್ಗಕ್ಕೆ ಸಿಗುವುದಿಲ್ಲ. ಈ ಇಡೀ ವ್ಯವಸ್ಥೆಯಲ್ಲಿ ನಮಗೆ ಅತ್ಯಂತ ಗಟ್ಟಿ ಎನಿಸುವ ಭಾಗ ಇದೇ.

6,500 ಏಕೆ? ಪಂದ್ಯಕ್ಕೆ 38ರಂತೆ 6,156 ಸಾಕೆನಿಸುತ್ತದೆ. ಆದರೆ ಚೆನ್ನಾಗಿ ಹೊಡೆಯುವ ತಂಡ ಹೆಚ್ಚು ಬಾರಿ ಪ್ಲೇಟ್‌ಗೆ ಬರುತ್ತದೆ; 40 ಆದರೂ 6,480. ಕಡಿಮೆ ಇಟ್ಟುಕೊಂಡ ತಂಡಕ್ಕೆ ಸೆಪ್ಟೆಂಬರ್‌ನಲ್ಲಿ ಬ್ಯಾಟರ್‌ಗಳೇ ಇರುವುದಿಲ್ಲ. ಬ್ಯಾಟಿಂಗ್ ಕ್ರಮದಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿದರೆ ಸೀಸನ್‌ಗೆ ಸುಮಾರು 18 ಪಿಎ ಉಳಿಯುತ್ತದೆ, ಮಿತಿ ಬಿಗಿಯಿದ್ದವರನ್ನು ಏಳು-ಎಂಟಕ್ಕೆ ಹಾಕಿ. ಮೊದಲ 54 ಪಂದ್ಯಗಳಲ್ಲಿ ಮಿತಿಯ 40%, 108ರೊಳಗೆ 75% ಮೀರುವಂತಿಲ್ಲ.

ರಿಲೀವರ್‌ಗಳ (ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳ) ಬೆಲೆ ಇನ್ನೂ ಕಡಿಮೆಯೇ. 1990ರ ಡೆನಿಸ್ ಎಕರ್ಸ್‌ಲಿಯ 73⅓ ಇನ್ನಿಂಗ್ಸ್, 0.61 ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಬಿಟ್ಟುಕೊಟ್ಟ ರನ್ ಸರಾಸರಿ) ಎಲ್ಲವೂ ಒಂದು ರನ್ ಮುನ್ನಡೆಯ ಒಂಬತ್ತನೇ ಇನ್ನಿಂಗ್ಸ್‌ಗೇ ಮೀಸಲಾದರೆ ಅದರ ಬೆಲೆ ಸಾಮಾನ್ಯ 73 ಇನ್ನಿಂಗ್ಸ್‌ಗಿಂತ ಬಹಳ ಹೆಚ್ಚು. ಸದ್ಯಕ್ಕೆ ಕ್ಲೋಸರ್ (ಮುನ್ನಡೆ ಉಳಿಸಿ ಪಂದ್ಯ ಮುಗಿಸುವ ರಿಲೀವರ್) ಎಂದು ಘೋಷಿಸಿದವರ ರನ್ ಮೌಲ್ಯವನ್ನು 1.5ರಿಂದ ಗುಣಿಸುತ್ತಿದ್ದೇವೆ.

ಮುಂದಿನ ಆವೃತ್ತಿಗೆ ಬಾಂಡ್ಸ್ ಕಾರ್ಡ್ ಮತ್ತೆ ಬಿಚ್ಚಬೇಕು. 232 ವಾಕ್‌ಗಳಲ್ಲಿ 120 ಉದ್ದೇಶಪೂರ್ವಕ, ಅಂದರೆ ಬಾಂಡ್ಸ್‌ಗೆ ಹೊಡೆಯಲು ಬಿಡದಂತೆ ಎದುರಾಳಿ ಬೇಕೆಂದೇ ಕೊಟ್ಟವು. ಅವು ಕಾರ್ಡ್‌ನಲ್ಲೂ ಇದ್ದು, ಎದುರಾಳಿ ಮ್ಯಾನೇಜರ್ ಕೂಡ ವಾಕ್ ಕೊಟ್ಟರೆ ಎರಡು ಸಲ ಎಣಿಸಿದಂತೆ. ಆ 120ನ್ನು ಕಾರ್ಡ್‌ನಿಂದ ತೆಗೆದು, ಉಳಿದ 497 ಪಿಎಯಿಂದ ಬೆಲೆ ಕಟ್ಟಿ, ಮಿತಿಯನ್ನು ಮಾತ್ರ 617ರಲ್ಲೇ ಉಳಿಸುವ ಯೋಚನೆಯಿದೆ.