ಮುಂದಕ್ಕೆ ಬೆಳೆಯುವ ಜಲಪಾತ: ಐಫೆಲ್ ಗುಡ್ಡನಾಡಿನ ನಡಿಗೆಗಳು

ಜಲಪಾತಗಳು ಬಂಡೆಯನ್ನು ಕೊರೆಯುತ್ತಾ ಹಿಂದಕ್ಕೆ ಸರಿಯುತ್ತವೆ ಎಂದು ಶಾಲೆಯಲ್ಲಿ ಓದಿದ್ದೆ. ಜರ್ಮನಿಯ ಪಶ್ಚಿಮ ಅಂಚಿನ ಐಫೆಲ್ ಗುಡ್ಡನಾಡಿನಲ್ಲಿ, ನೋನ್ ಎಂಬ ಹಳ್ಳಿಯ ಬಳಿ ಇರುವ ಡ್ರೈಮ್ಯೂಲೆನ್ ಜಲಪಾತ ಮಾತ್ರ ಮುಂದಕ್ಕೆ ಬೆಳೆಯುತ್ತದೆ. ಎತ್ತರ ಕೆಲವೇ ಮೀಟರ್. ಭೋರ್ಗರೆತವಿಲ್ಲ. ಕಾಡಿನ ನಡುವೆ ಪಾಚಿ ಹೊದ್ದ ಬಂಡೆಯೊಂದು ಮುಂದಕ್ಕೆ ಚಾಚಿಕೊಂಡಿದೆ. ಅದರ ಅಂಚಿನುದ್ದಕ್ಕೂ ನೀರು ಎಳೆ ಎಳೆಯಾಗಿ ಇಳಿಯುತ್ತದೆ.

ಹತ್ತಿರ ನಿಂತು ಒಂದೇ ಒಂದು ಪಾಚಿಯ ಕುಚ್ಚನ್ನು ದಿಟ್ಟಿಸಿ ನೋಡಿ. ತುದಿ ಎಳೆಹಸಿರು. ಅದರ ಕೆಳಗೆ ಕಂದು. ಇನ್ನೂ ಕೆಳಗೆ ಬೂದು ಬಣ್ಣದ, ಸಣ್ಣ ಸಣ್ಣ ತೂತುಗಳ ಕಲ್ಲು. ಒಂದೇ ಗಿಡ, ಮೇಲೆ ಜೀವ, ಕೆಳಗೆ ಬಂಡೆ. ಇಲ್ಲಿನ ನೀರು ಸುಣ್ಣದ ಕಲ್ಲಿನ ಪದರಗಳನ್ನು ಹಾದು ಬರುವುದರಿಂದ ಅದರಲ್ಲಿ ಸುಣ್ಣ ಕರಗಿರುತ್ತದೆ. ಹೊರಗೆ ಬಂದು ಚಿಮುಕಿಸಿಕೊಂಡು ಬೀಳುವಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಪಾಚಿಯೂ ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ಆಗ ಸುಣ್ಣ ನೀರಿನಲ್ಲಿ ನಿಲ್ಲಲಾರದೆ ಪಾಚಿಯ ಮೇಲೆಯೇ ಕೂರುತ್ತದೆ. ಬುಡ ಕಲ್ಲಾಗುತ್ತಿದ್ದಂತೆ ಪಾಚಿ ಬೆಳಕು ಹುಡುಕಿಕೊಂಡು ಮತ್ತೆ ಮುಂದೆ ಚಿಗುರುತ್ತದೆ. ಹೀಗೆ ವರ್ಷವರ್ಷವೂ ಅಂಚು ಮುಂದೆ ಬರುತ್ತದೆ.

ನನಗೆ ಈ ಜಲಪಾತ ಇಷ್ಟೊಂದು ಹಿಡಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಇದು ಹುಟ್ಟಿದ್ದು ರೈಲಿನಿಂದ. 1912ರಲ್ಲಿ ಇಲ್ಲಿ ರೈಲು ಮಾರ್ಗ ಹಾಕುವಾಗ ಮೂರು ಒರತೆಗಳ ನೀರನ್ನು ಒಟ್ಟುಗೂಡಿಸಿ ಹರಿಯಬಿಟ್ಟರು. ಆ ನೀರು ಇಳಿಜಾರಿನಲ್ಲಿ ತನ್ನ ಬಂಡೆಯನ್ನು ತಾನೇ ಕಟ್ಟಿಕೊಂಡಿತು. ರೈಲು ಎಂದೋ ನಿಂತುಹೋಗಿದೆ. ಹಳೆಯ ಹಳಿಯ ಜಾಡಿನಲ್ಲಿ ಈಗ ಸೈಕಲ್ಲುಗಳು ಓಡಾಡುತ್ತವೆ. ಜಲಪಾತ ಮಾತ್ರ ಇಂದು ಕಾನೂನಿನ ರಕ್ಷಣೆಯಲ್ಲಿರುವ ಪ್ರಕೃತಿ ಸ್ಮಾರಕ.

ಜರ್ಮನರು ನಟೂರ್‌ಡೆಂಕ್‌ಮಾಲ್ ಎಂದು ಕರೆಯುವ ಈ ಸ್ಮಾರಕಗಳನ್ನು ಹುಡುಕಿಕೊಂಡು ಕೊಲೋನ್‌ನಿಂದ ಐಫೆಲ್‌ಗೆ ಹೋಗುವುದು ನನ್ನ ವಾರಾಂತ್ಯದ ರೂಢಿ. ಒಂಟಿ ಮರವೊಂದು, ಬಂಡೆಯೊಂದು, ಒರತೆಯೊಂದು, ಗುಹೆಯೊಂದು ಸ್ಮಾರಕವಾಗಬಹುದು. ಜಾಗವಾದರೆ 5 ಹೆಕ್ಟೇರಿನವರೆಗೆ. ದೇಶದ ಪ್ರಕೃತಿ ಸಂರಕ್ಷಣಾ ಕಾಯ್ದೆಯ 28ನೇ ವಿಧಿ ಅದಕ್ಕೆ ಕೊಡುವ ಕಾರಣಗಳಲ್ಲಿ ವಿಜ್ಞಾನವಿದೆ, ನಾಡಿನ ಇತಿಹಾಸವಿದೆ, ಅಪರೂಪವಿದೆ, ಜೊತೆಗೆ ಸೌಂದರ್ಯವೂ ಇದೆ. ಚೆಂದವಾಗಿದೆ ಎಂಬುದೂ ಒಂದು ಬಂಡೆಯನ್ನು ಕಾಪಾಡಲು ಸಾಕಾದ ಕಾರಣ ಎಂದು ಒಂದು ಕಾನೂನು ಒಪ್ಪಿಕೊಂಡಿರುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಈ ಜಲಪಾತದ ಪಕ್ಕದಲ್ಲೇ ಐಫೆಲ್‌ಶ್ಟೈಗ್ ಹಾದುಹೋಗುತ್ತದೆ. ಆಖೆನ್ ನಗರದ ಅಂಚಿನ ಕೊರ್ನೆಲಿಮ್ಯೂನ್‌ಸ್ಟರ್‌ನಿಂದ ಟ್ರಿಯರ್‌ವರೆಗೆ 313 ಕಿಲೋಮೀಟರ್ ಉದ್ದದ ಈ ಚಾರಣ ದಾರಿಯನ್ನು 15 ಹಂತಗಳಾಗಿ ವಿಂಗಡಿಸಿದ್ದಾರೆ. ಒಂದು ದಿನದ ಮಟ್ಟಿಗೆ ಹೋಗುವವರಿಗೆ ಮಿರ್ಬಾಖ್‌ನಿಂದ ಹಿಲ್ಲೆಸ್‌ಹೈಮ್‌ವರೆಗಿನ ಹಂತವನ್ನೇ ಹೇಳುತ್ತೇನೆ. ಜಲಪಾತ ಸಿಗುವುದು ಅದರಲ್ಲಿ. ಆ ಹಾದಿಯಲ್ಲೇ ಒಮ್ಮೆ ಬೀಚ್ ಮರವೊಂದರ ಮುಂದೆ ಹಿರಿಯರೊಬ್ಬರು ಕುಂಚ ಹಿಡಿದು ನಿಂತಿದ್ದರು. ಮೊದಲು ತೊಗಟೆಯ ಮೇಲಿನ ಹಾವಸೆಯನ್ನು ಹಗುರವಾಗಿ ಒರೆಸಿದರು, ಅಚ್ಚಿನ ತಗಡನ್ನು ಒತ್ತಿ ಹಿಡಿದು ಬಿಳಿ ಬಣ್ಣ ಬಳಿದರು, ಒಣಗಲೆಂದು ಥರ್ಮಾಸ್ ತೆಗೆದು ಕಾಫಿ ಕುಡಿಯುತ್ತಾ ಕಾದರು.

"ನೀವು ಇಲಾಖೆಯವರೇ?" ಎಂದು ಕೇಳಿದೆ.

"ಇಲ್ಲ, ಇಲ್ಲಿಂದ ಮುಂದಿನ ಹಳ್ಳಿಯವರೆಗಿನ ದಾರಿ ನನ್ನ ಪಾಲಿನದು. ನೀವು ದಾರಿ ತಪ್ಪಿದರೆ ನನ್ನನ್ನೇ ಬೈಯಬೇಕು" ಎಂದರು.

1888ರಲ್ಲಿ ಆರಂಭವಾದ ಐಫೆಲ್‌ಫೆರೈನ್ ಎಂಬ ಸಂಘದ ಸದಸ್ಯರು ಸಂಬಳವಿಲ್ಲದೆ ದಾರಿಗುರುತು ಬಳಿಯುವ ಈ ಕೆಲಸ ಮಾಡುತ್ತಾ ಬಂದಿದ್ದಾರೆ. ಮೊಬೈಲ್ ನಕ್ಷೆ ಕೈಕೊಡುವ ಕಣಿವೆಗಳಲ್ಲಿ ಅಂಗೈಯಗಲದ ಆ ಬಣ್ಣದ ಗುರುತು ಕಂಡಾಗ ಆಗುವ ನೆಮ್ಮದಿಯ ಹಿಂದೆ ಯಾರದೋ ಒಂದು ಮಧ್ಯಾಹ್ನವಿರುತ್ತದೆ.

ಆಲೆನ್‌ಡೋರ್ಫ್ ಹಳ್ಳಿಯ ಗುಡ್ಡಗಳ ಚೆಲುವಿನ ಹಿಂದೆಯೂ ಮನುಷ್ಯರ ಕೈಯಿದೆ. ಮೊದಲ ನೋಟಕ್ಕೆ ಅದು ಯಾರೂ ಮುಟ್ಟದ ಜಾಗದಂತೆ ಕಾಣುತ್ತದೆ: ಒಣ ಹುಲ್ಲಿನ ಇಳಿಜಾರು, ಅಲ್ಲಲ್ಲಿ ಕಂಬದಂತೆ ನೆಟ್ಟಗೆ ನಿಂತ ಕಡುಹಸಿರು ಜುನಿಪರ್ ಪೊದೆಗಳು, ಬೇಸಿಗೆಯ ಆರಂಭದಲ್ಲಿ ಹುಲ್ಲಿನ ನಡುವೆ ಆರ್ಕಿಡ್ ಹೂಗಳು. ನಿಜಕ್ಕೂ ಅದು ಕಾಡು ಕಡಿದು ಕುರಿ ಮೇಯಿಸಿದ ನೆಲ. ಮುಳ್ಳಿನ ಕಾರಣಕ್ಕೆ ಕುರಿಗಳು ಜುನಿಪರನ್ನು ಬಿಟ್ಟವು, ಉಳಿದದ್ದನ್ನೆಲ್ಲ ಮೇಯ್ದವು. ಕುರಿಗಳು ನಿಂತರೆ ಕೆಲವೇ ದಶಕಗಳಲ್ಲಿ ಮರಗಳು ಮೇಲೆದ್ದು ನೆರಳು ಕವಿದು ಜುನಿಪರ್ ಸಾಯುತ್ತದೆ. ಹಾಗಾಗಿ ಇಂದಿಗೂ ಮಂದೆಗಳನ್ನು ಬೇಕೆಂದೇ ಇಲ್ಲಿ ಮೇಯಿಸುತ್ತಾರೆ.

ಡೌನ್ ಪಟ್ಟಣದ ಪಕ್ಕದ, ಜ್ವಾಲಾಮುಖಿ ಕುಳಿಯ ಕೆರೆಗಳಾದ ಮೂರು ಮಾರ್‌ಗಳಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನೆಲದಾಳದಿಂದ ಮೇಲೇರುವ ಶಿಲಾಪಾಕಕ್ಕೆ ಅಂತರ್ಜಲ ತಾಗಿದಾಗ ಆವಿಯ ಸ್ಫೋಟವಾಗುತ್ತದೆ. ನೆಲ ಸಿಡಿದು ಆಲಿಕೆಯಾಕಾರದ ಕುಳಿ ಉಳಿಯುತ್ತದೆ. ಅದರಲ್ಲಿ ನೀರು ತುಂಬಿದರೆ ಮಾರ್. ಗೆಮ್ಯೂಂಡೆನ್, ವೈನ್‌ಫೆಲ್ಡ್, ಶಾಲ್ಕೆನ್‌ಮೇರೆನ್ ಮೂರೂ ಒತ್ತೊತ್ತಾಗಿವೆ, ಆದರೂ ನೀರಿನ ಮಟ್ಟ ಒಂದೊಂದರದು ಒಂದೊಂದು. ನಡುವಿನ ವೈನ್‌ಫೆಲ್ಡ್ ಉಳಿದೆರಡಕ್ಕಿಂತ ಬಹಳ ಮೇಲಿದೆ, ಆಳ 51 ಮೀಟರ್. ನಡುವಿನ ಏಣಿನ ಮೇಲೆ ನಿಂತರೆ ಒಂದು ಕಡೆ ಎತ್ತರದ ನೀರು, ಇನ್ನೊಂದು ಕಡೆ ಕೆಳಗೆ ದೂರದಲ್ಲಿ ಶಾಲ್ಕೆನ್‌ಮೇರೆನ್‌ನ ನೀರು. ಅಮ್ಮ ಎರಡೂ ಕಡೆ ತಿರುಗಿ ತಿರುಗಿ ನೋಡಿದರು.

ವೈನ್‌ಫೆಲ್ಡ್‌ನ ದಡದಲ್ಲಿ ಅದೇ ಹೆಸರಿನ ಹಳ್ಳಿಯಿತ್ತು. 16ನೇ ಶತಮಾನದಲ್ಲಿ ಪ್ಲೇಗ್ ಬಂದು ಹಳ್ಳಿ ಬರಿದಾಯಿತು. ಉಳಿದದ್ದು ಬಿಳಿ ಗೋಡೆಯ ಚರ್ಚು ಮತ್ತು ಅದರ ಸ್ಮಶಾನ. ಸತ್ತವರ ಮಾರ್ ಎಂಬರ್ಥದ ಟೋಟೆನ್‌ಮಾರ್ ಎಂದು ಜನ ಇದನ್ನು ಕರೆಯುತ್ತಾರೆ. ಸಮಾಧಿಗಳ ಮೇಲೆ ತಾಜಾ ಹೂಗಳಿದ್ದವು.

"ಈಗಲೂ ಇಲ್ಲಿಯೇ ಮಣ್ಣು ಮಾಡುತ್ತಾರೆಯೇ?" ಎಂದು ಅಮ್ಮ ಕೇಳಿದರು.

"ಹೌದಮ್ಮ, ಕೆಳಗಿನ ಶಾಲ್ಕೆನ್‌ಮೇರೆನ್‌ನವರು ಇಲ್ಲಿಗೇ ತರುತ್ತಾರೆ."

"ಊರು ಹೋದರೂ ದೇವರನ್ನೂ ಸತ್ತವರನ್ನೂ ಕೈಬಿಟ್ಟಿಲ್ಲವಲ್ಲ" ಎಂದರು. ಚರ್ಚಿನೊಳಗೆ ಹೋಗಿ ಬಹಳ ಹೊತ್ತು ಕುಳಿತರು.

ವಾಲೆನ್‌ಬೋರ್ನ್‌ಗೂ ಹೋಗಬಹುದು. ಅಲ್ಲಿ ತಣ್ಣೀರಿನ ಚಿಲುಮೆಯೊಂದು ಸುಮಾರು 35 ನಿಮಿಷಕ್ಕೊಮ್ಮೆ ಇಂಗಾಲದ ಡೈಆಕ್ಸೈಡ್‌ನ ಒತ್ತಡದಿಂದ ಗುಳುಗುಳು ಎಂದು ಉಕ್ಕುತ್ತದೆ. ಅದರ ಕೊಳವೆಯೂ 1933ರಲ್ಲಿ ಮನುಷ್ಯರು ಕೊರೆದದ್ದೇ. ಮಕ್ಕಳಿದ್ದರೆ ಖಂಡಿತ ಹೋಗಿ.

ನನ್ನನ್ನು ಬಹಳ ಕಾಡಿದ್ದು ಶ್ಟ್ರೋನ್ ಹಳ್ಳಿಯ ಲಾವಾ ಬಾಂಬ್. ಸುಮಾರು 5 ಮೀಟರ್ ಅಡ್ಡಳತೆಯ, 120 ಟನ್ ತೂಕದ ಉಂಡೆ. ಜ್ವಾಲಾಮುಖಿಯ ಬಾಯಿಯೊಳಗೆ ಬಿದ್ದ ತುಂಡೊಂದು ಮತ್ತೆ ಮತ್ತೆ ಮೇಲೆ ಚಿಮ್ಮಿ, ಮತ್ತೆ ಕುಳಿಗೇ ಬಿದ್ದು, ಪ್ರತಿ ಸಲವೂ ಹೊಸ ಲಾವಾ ಅಂಟಿಸಿಕೊಂಡು ದಪ್ಪವಾಯಿತು ಎಂದು ವಿವರಿಸುತ್ತಾರೆ. ಅದು ಹೊರಬಿದ್ದದ್ದು 1969ರಲ್ಲಿ, ವಾರ್ಟ್‌ಗೆಸ್‌ಬೆರ್ಗ್ ಎಂಬ ಜ್ವಾಲಾಮುಖಿ ಗುಡ್ಡವನ್ನು ಕಲ್ಲುಗಣಿಗಾಗಿ ಒಡೆಯುವಾಗ. ಆಮೇಲೆ ಅದನ್ನು ಊರ ಬಳಿಗೆ ಎಳೆದು ತಂದು ನಿಲ್ಲಿಸಿದರು. ಈಗ ಜನ ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಅಂಗೈಯೊತ್ತಿ ನೋಡಿದೆ. ಬಿಸಿಲಿಗೆ ಕಾದಿತ್ತು, ಮೈ ತರಿತರಿಯಾಗಿತ್ತು.

ಆದರೆ ಗುಡ್ಡ? ಐಫೆಲ್‌ನಲ್ಲಿ ಇಂದಿಗೂ ಲಾವಾ ಮತ್ತು ಬಸಾಲ್ಟ್ ಗಣಿಗಾರಿಕೆ ನಡೆಯುತ್ತಿದೆ. ಸಾವಿರಾರು ವರ್ಷ ನಿಂತ ಶಂಕುವಿನಾಕಾರದ ಗುಡ್ಡಗಳು ರಸ್ತೆಯ ಜಲ್ಲಿಯಾಗಿ ಲಾರಿ ಹತ್ತುತ್ತವೆ. ಸ್ಥಳೀಯರು ಅದನ್ನು ವಿರೋಧಿಸುತ್ತಾರೆ. ಅದರಿಂದ ಕೂಲಿ ಪಡೆಯುವವರೂ ಸ್ಥಳೀಯರೇ. ಇಲ್ಲಿ ಮನುಷ್ಯರ ಕೈ ಸೋಕಿದ್ದೆಲ್ಲ ಹಾಳಾಗಿಲ್ಲ ಎಂದು ಜಲಪಾತ, ಕುರಿ, ಚಿಲುಮೆಗಳೆಲ್ಲ ನನಗೆ ತೋರಿಸಿವೆ. ಹಾಗೆಂದು ಗಣಿಗೂ ಅದೇ ವಿನಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಒರತೆಯ ದಿಕ್ಕು ಬದಲಿಸಿದರೆ ನೀರು ಬೇರೆ ಕಡೆ ಕೆಲಸ ಮುಂದುವರಿಸುತ್ತದೆ. ಆರಿದ ಜ್ವಾಲಾಮುಖಿಯನ್ನು ಕಡಿದರೆ ಅದನ್ನು ಮತ್ತೆ ಕಟ್ಟುವವರಿಲ್ಲ. ಉಳಿದ ಗುಡ್ಡಗಳಿಗೆ, ಒಡೆದು ನೋಡುವ ಮೊದಲೇ, ರಕ್ಷಣೆಯ ಫಲಕ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೋಗುವವರು ಗೆರೋಲ್‌ಶ್ಟೈನ್ ಅಥವಾ ಡೌನ್‌ನಲ್ಲಿ ಉಳಿದುಕೊಂಡರೆ ಅನುಕೂಲ. 2021ರ ಜುಲೈ ಪ್ರವಾಹದಲ್ಲಿ ಕೊಲೋನ್–ಟ್ರಿಯರ್ ರೈಲು ಮಾರ್ಗಕ್ಕೆ ಭಾರಿ ಹಾನಿಯಾಗಿತ್ತು, ಆದ್ದರಿಂದ ಹೊರಡುವ ಮೊದಲು ಸಂಚಾರದ ಮಾಹಿತಿ ನೋಡಿಕೊಳ್ಳಿ. ಭಾನುವಾರ ಹಳ್ಳಿಗಳ ಅಂಗಡಿಗಳು ಮುಚ್ಚಿರುತ್ತವೆ, ಬಸ್ಸುಗಳೂ ವಿರಳ. ಬುತ್ತಿ, ನೀರು ಕಟ್ಟಿಕೊಂಡೇ ಹೊರಡಿ.