ಎಲೆಯ ಕಂಬ ಮತ್ತು ಸಿಮೆಂಟ್ ಚೀಲದೊಳಗಿನ ಬೂದಿ

ರಾಯಚೂರಿನ ಹೊಸ ಬಡಾವಣೆಗಳಲ್ಲಿ ಈಚೆಗೆ ಮನೆ ಕಟ್ಟಿಸಿದವರಲ್ಲಿ ಹಲವರು ಪೋರ್ಟಿಕೋಗೆ ದುಂಡನೆಯ ಕಂಬಗಳನ್ನು ನಿಲ್ಲಿಸಿ, ಅವುಗಳ ತಲೆಗೆ ಸುರುಳಿ ಎಲೆಗಳ ಅಚ್ಚು ಕೂರಿಸಿ, ಬಂಗಾರದ ಬಣ್ಣ ಬಳಿಸಿರುತ್ತಾರೆ. ಕಳೆದ ಬೇಸಿಗೆಯಲ್ಲಿ ನಮ್ಮಣ್ಣನ ಮನೆ ಕಟ್ಟುವಾಗ ಮೇಸ್ತ್ರಿಯೂ ಅದನ್ನೇ ಸೂಚಿಸಿದರು. "ಸರ, ಎರಡು ಅಂತಸ್ತಿನ ಎತ್ತರಕ್ಕ ರೋಮನ್ ಪಿಲ್ಲರ್ ನಿಲ್ಲಿಸಿದ್ರ ಮನಿಗಿ ಕಳಾ ಬರತೈತ್ರಿ" ಎಂದು ಹೇಳಿ ಮೊಬೈಲಿನಲ್ಲಿ ಚಿತ್ರ ತೋರಿಸಿದರು.

ಅಣ್ಣನಿಗೆ ಚಿತ್ರ ಹಿಡಿಸಿತು. ಆದರೆ ಅದೇ ಓಣಿಯಲ್ಲಿ ಅಂಥದೇ ಕಂಬಗಳಿರುವ ಮನೆಯೊಂದನ್ನು ನೋಡಿದಾಗಲೆಲ್ಲ ಏನೋ ಕೊರತೆಯಿದೆ ಎಂದು ನನಗೆ ಅನಿಸುತ್ತಿತ್ತು. ಆ ಮನೆಯವರನ್ನು ಕೇಳಿ ಟೇಪ್ ಹಿಡಿದು ಅಳೆದೆ. ಎತ್ತರ 20 ಅಡಿ, ದಪ್ಪ 16 ಇಂಚು. ಅಂದರೆ ಕಂಬದ ಎತ್ತರವು ದಪ್ಪದ 15 ಪಟ್ಟು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿಟ್ಟ ಪ್ರಕಾರ, ಡೋರಿಕ್ ಎಂಬ ಬಗೆಯ ಕಂಬದ ಅಳತೆಯನ್ನು ಗ್ರೀಕರು ಗಂಡಸಿನ ದೇಹದಿಂದ ತೆಗೆದುಕೊಂಡರು: ಗಂಡಸಿನ ಎತ್ತರ ಪಾದದ ಉದ್ದದ ಆರು ಪಟ್ಟು, ಹಾಗೆಯೇ ಕಂಬದ ಎತ್ತರ ಬುಡದ ದಪ್ಪದ ಆರು ಪಟ್ಟು. ಅಯೋನಿಕ್ ಎಂಬ ಇನ್ನೊಂದು ಬಗೆಯ ಕಂಬಕ್ಕೆ ಹೆಣ್ಣಿನ ದೇಹವನ್ನು ಮಾದರಿಯಾಗಿಟ್ಟುಕೊಂಡು ಎಂಟು ಪಟ್ಟು ಎತ್ತರ ಕೊಟ್ಟರು. ಮುಂದೆ ಇವು ಏಳು ಮತ್ತು ಒಂಬತ್ತು ಪಟ್ಟಾದವು. ಎಲೆಗಳ ತಲೆಯುಳ್ಳ ಕೊರಿಂಥಿಯನ್ ಕಂಬ ಇನ್ನೂ ಸ್ವಲ್ಪ ನೀಳ, ಆದರೂ ಹದಿನೈದು ಪಟ್ಟಿನ ಹತ್ತಿರಕ್ಕೂ ಬಾರದು. ಬಿದಿರುಗಳುವಿನ ಮೇಲೆ ಹೂಕೋಸು ಇಟ್ಟಂತೆ ಆ ಕಂಬಗಳು ಕಾಣುತ್ತಿದ್ದುದಕ್ಕೆ ಕಾರಣ ಇದೇ ಎಂದು ಆಗ ತಿಳಿಯಿತು.

ಇದೇ ಕೊರಿಂಥಿಯನ್ ಕಂಬ ಸರಿಯಾದ ಅಳತೆಯಲ್ಲಿ ಹೇಗಿರುತ್ತದೆ ಎಂಬುದನ್ನು ನೋಡಲು ರಾಯಚೂರಿನವರು ದೂರ ಹೋಗಬೇಕಾಗಿಲ್ಲ. ಹೈದರಾಬಾದಿನ ಕೋಠಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಿಜಾಮರ ಆಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಕಿರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯ ಮುಂಭಾಗದಲ್ಲಿ ಅಂಥ ಆರು ಕಂಬಗಳು ನಿಂತಿವೆ. 1956ರವರೆಗೆ ನಮ್ಮ ಜಿಲ್ಲೆಯೂ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಆ ಕಟ್ಟಡದ ಬಗ್ಗೆ ನನಗೆ ಒಂದು ಬಗೆಯ ಮನೆತನದ ಅಭಿಮಾನವಿದೆ.

ಅಥೆನ್ಸಿನಲ್ಲಿ ಕ್ರಿಸ್ತಪೂರ್ವ 447ರಲ್ಲಿ ಆರಂಭವಾದ ಪಾರ್ಥೆನಾನ್ ದೇಗುಲದಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವುದು ಅಲಂಕಾರಕ್ಕಾಗಿ ಮಾತ್ರವಲ್ಲ. ಕಲ್ಲಿನ ತೊಲೆ ಮೇಲಿನ ಭಾರವನ್ನು ತಡೆದುಕೊಂಡರೂ ಬಾಗುವಿಕೆಯನ್ನು ತಡೆಯಲಾರದು. ಅಂತರ ಹೆಚ್ಚಾದರೆ ನಡುವೆ ಬಿರುಕು ಬಿಡುತ್ತದೆ. ಕಲ್ಲುಗಳನ್ನು ಗಾರೆಯಿಲ್ಲದೆ ನಯವಾಗಿ ಕೂಡಿಸಿ, ಕಬ್ಬಿಣದ ಪಟ್ಟಿಗಳಿಂದ ಬಿಗಿದು, ಅವುಗಳ ಮೇಲೆ ಸೀಸ ಹೊಯ್ದಿದ್ದಾರೆ. 1294ರ ಶಾಸನವಿರುವ 41 ಅಡಿ ಉದ್ದದ ಚಪ್ಪಡಿಯನ್ನು ಗೋಡೆಯಲ್ಲಿ ಹೊತ್ತಿರುವ ನಮ್ಮ ಕೋಟೆಯನ್ನು ನೋಡುತ್ತ ಬೆಳೆದವರಿಗೆ ಕಲ್ಲನ್ನು ಕಲ್ಲಿಗೆ ಕೂಡಿಸುವ ಆ ಶ್ರದ್ಧೆ ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ.

ಆದರೆ ರೋಮನ್ನರಿಂದ ನಮಗೆ ಬಂದ ದೊಡ್ಡ ಬಳುವಳಿ ಕಂಬದ ತಲೆಯಲ್ಲಿಲ್ಲ, ಸಿಮೆಂಟಿನ ಚೀಲದಲ್ಲಿದೆ. ಅಣ್ಣನ ಮನೆಗೆ ತರಿಸಿದ ಚೀಲದ ಮೇಲೆ 'ಪೋರ್ಟ್‌ಲ್ಯಾಂಡ್ ಪೊಜೊಲಾನ ಸಿಮೆಂಟ್' ಎಂದು ಅಚ್ಚಾಗಿತ್ತು. 'ಪೊಜೊಲಾನ' ಎಂಬ ಹೆಸರಿಗೆ ಮೂಲವಾದ ಪೊಜುವೊಲಿ ಎಂಬ ಊರು ಇಟಲಿಯ ನೇಪಲ್ಸ್ ಬಳಿ ಇದೆ. ಅಲ್ಲಿಯ ಜ್ವಾಲಾಮುಖಿಯ ಬೂದಿಯನ್ನು ಸುಣ್ಣದೊಂದಿಗೆ ಬೆರೆಸಿದರೆ ನೀರಿನೊಳಗೂ ಗಟ್ಟಿಯಾಗುತ್ತದೆ ಎಂಬುದನ್ನು ಕಂಡುಕೊಂಡ ರೋಮನ್ನರು ಆ ಕಾಂಕ್ರೀಟಿನಿಂದ ಬಂದರುಗಳನ್ನೂ ಕಮಾನು ಮಾಳಿಗೆಗಳನ್ನೂ ಕಟ್ಟಿದರು. ರೋಮಿನ ಪ್ಯಾಂಥಿಯಾನಿನ ಗುಮ್ಮಟ ಸುಮಾರು 43 ಮೀಟರ್ ಅಗಲವಿದ್ದು, ಒಂದು ತುಂಡು ಕಬ್ಬಿಣದ ಸರಳೂ ಇಲ್ಲದೆ ಸುಮಾರು 1900 ವರ್ಷಗಳಿಂದ ನಿಂತಿದೆ. ಬುಡದಲ್ಲಿ ಸುಮಾರು ಆರು ಮೀಟರ್ ದಪ್ಪವಿರುವ ಅದು ಮೇಲೇರಿದಂತೆ ತೆಳುವಾಗುತ್ತದೆ. ಕಾಂಕ್ರೀಟಿಗೆ ಬೆರೆಸಿದ ಕಲ್ಲು ಕೂಡ ಹಗುರವಾಗುತ್ತ, ನೆತ್ತಿಯ ಬಳಿ ತೂತುತೂತಾದ ಜ್ವಾಲಾಮುಖಿ ಕಲ್ಲಾಗುತ್ತದೆ.

ನಮ್ಮಲ್ಲಿ ಜ್ವಾಲಾಮುಖಿಯಿಲ್ಲ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವಿದೆ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯು ಇಟ್ಟಿಗೆಗೂ ಸಿಮೆಂಟಿಗೂ ಬಳಕೆಯಾಗುತ್ತದೆ. ಸಿಮೆಂಟಿಗೆ ನೀರು ಬೆರೆತಾಗ ಬಿಡುಗಡೆಯಾಗುವ ಸುಣ್ಣದೊಂದಿಗೆ ಆ ಬೂದಿ ನಿಧಾನವಾಗಿ ಬೆಸೆದುಕೊಳ್ಳುವ ಬಗೆಯು ಪೊಜುವೊಲಿಯ ಬೂದಿಯ ಬಗೆಯೇ ಆಗಿದೆ. ನಿಧಾನವಾದ್ದರಿಂದಲೇ ಇದಕ್ಕೆ ಹೆಚ್ಚು ದಿನ ನೀರು ಬೇಕು. ಒಣ ಬಿಸಿಲಿನ ಊರಿನಲ್ಲಿ ಇಂಥ ಸಿಮೆಂಟಿಗೆ ಕನಿಷ್ಠ 14 ದಿನ ಕ್ಯೂರಿಂಗ್ ಮಾಡಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ರಾಯಚೂರಿನ ಮೇ ತಿಂಗಳಿಗೆ ಇದಕ್ಕಿಂತ ಮುಖ್ಯವಾದ ನಿಯಮ ನನಗೆ ತೋಚದು. ಆದರೂ ನಾಲ್ಕೈದು ದಿನ ಪೈಪು ಹಿಡಿದು ಬಿಟ್ಟುಬಿಡುವುದನ್ನು ಎಷ್ಟೋ ಕಡೆ ಕಂಡು ಸಂಕಟಪಟ್ಟಿದ್ದೇನೆ.

ಅಳತೆಗಳನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದಾಗ ಅಣ್ಣ ಎತ್ತರದ ಕಂಬಗಳನ್ನು ಕೈಬಿಟ್ಟ. ಅದರ ಬದಲು ಮನೆಯ ಮುಂದೆ ಎಂಟು ಅಡಿ ಆಳದ ಪಡಸಾಲೆಯೊಂದು ಬಂತು. ಅದಕ್ಕೆ ಹತ್ತಡಿ ಎತ್ತರದ, ಎಲೆಗಳಿಲ್ಲದ ನಾಲ್ಕು ದುಂಡು ಕಂಬಗಳು, ದಪ್ಪ 15 ಇಂಚು, ಅಂದರೆ ವಿಟ್ರುವಿಯಸನ ಎಂಟು ಪಟ್ಟು. ಮೇಸ್ತ್ರಿ ಮೊದಲು ಒಪ್ಪದಿದ್ದರೂ ಮೊದಲ ಕಂಬದ ಅಚ್ಚು ಬಿಚ್ಚಿದ ಮೇಲೆ ರಸ್ತೆಯ ಆಚೆಗೆ ಹೋಗಿ ನಿಂತು ಬಹಳ ಹೊತ್ತು ನೋಡಿದರು. ನಾಲ್ಕೂ ಕಂಬಗಳಿಗೆ ಗೋಣಿಚೀಲ ಸುತ್ತಿ, ಬೆಳಿಗ್ಗೆ ಮತ್ತು ಸಂಜೆ ನಮ್ಮತ್ತಿಗೆ, ಮಧ್ಯಾಹ್ನ ನಾನು, ಹದಿನಾಲ್ಕು ದಿನವೂ ಬಿಡದೆ ನೀರು ಹೊಡೆದೆವು.